ಮ್ಯೂಸಿಯಂ ಗೈಡ್ ಕೆಲಸ, ಕವಿತೆ, ಕೈತೋಟ: ಬಾದಾಮಿಯಲ್ಲಿ ಮೂರನ್ನೂ ಜತೆಗೆ ನಡೆಸುವುದು ಹೇಗೆ

ಗೈಡ್ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಲ್ಲಿ ಬರೆಯುವ ಆಸೆ ಇರುವವರು ತುಂಬ ಮಂದಿ. ಅವರೆಲ್ಲ ಕೇಳುವುದು ಒಂದೇ ಮಾತು. ದಿನವಿಡೀ ಜನರ ಮುಂದೆ ಮಾತಾಡಿ ಗಂಟಲು ಒಣಗಿದ ಮೇಲೆ ಬರೆಯುವುದು ಯಾವಾಗ, ಗಿಡಕ್ಕೆ ನೀರು ಹಾಕುವುದು ಯಾವಾಗ ಅಂತ. ಸಮಯ ಸಿಗುತ್ತದೆ. ಆದರೆ ಮೂರನ್ನೂ ಬೇರೆ ಬೇರೆ ಕೆಲಸ ಅಂದುಕೊಂಡು ಗಂಟೆ ಹಂಚಲು ಕೂತರೆ ಮಾತ್ರ ಖಂಡಿತ ಸಿಗುವುದಿಲ್ಲ. ಮೂರಕ್ಕೂ ಬೇಕಾದದ್ದು ಒಂದೇ ಅಭ್ಯಾಸ: ನಿನ್ನೆ ನೋಡಿದ್ದನ್ನೇ ಇವತ್ತು ಮತ್ತೆ ನಿಂತು ನೋಡುವುದು. ಅದು ಬಂದರೆ ಉಳಿದದ್ದು ಹೊಂದಿಕೊಳ್ಳುತ್ತದೆ.

ನಾನು ಬಾದಾಮಿಯ ಲೆಕ್ಕದಲ್ಲಿ ಹೇಳುತ್ತೇನೆ, ನನಗೆ ಗೊತ್ತಿರುವ ಊರು ಅದು. ಕೆಂಪು ಮರಳುಗಲ್ಲಿನ ಎರಡು ಬೆಟ್ಟ, ನಡುವೆ ಅಗಸ್ತ್ಯ ತೀರ್ಥ ಅನ್ನುವ ಕೆರೆ. ದಕ್ಷಿಣದ ಬೆಟ್ಟದಲ್ಲಿ ನಾಲ್ಕು ಗುಹೆ, ಉತ್ತರದ ಬೆಟ್ಟದ ಬುಡದಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮ್ಯೂಸಿಯಂ. ಬೇಸಿಗೆಯಲ್ಲಿ ಕಲ್ಲು ಕಾದು ಸಂಜೆಯಾದರೂ ಬಿಸಿ ಬಿಡುವುದಿಲ್ಲ. ಮಂಗಗಳ ಕಾಟ ಬೇರೆ. ನಿಮ್ಮ ಊರು ಹಂಪಿಯೋ ಹಳೇಬೀಡೋ ಆಗಿದ್ದರೆ ಕಲ್ಲು, ಮಣ್ಣು, ಮಳೆ ಬದಲಾಗುತ್ತವೆ, ಅದಕ್ಕೆ ತಕ್ಕಂತೆ ನೀವೂ ಬದಲಿಸಿಕೊಳ್ಳಿ.

ಬೆಳಗಿನ ಹೊತ್ತು

ಬೆಳಗ್ಗೆ ಎದ್ದ ಕೂಡಲೇ ಮೊಬೈಲ್ ಹಿಡಿಯಬೇಡಿ, ನೀರಿನ ಕೊಡ ಹಿಡಿಯಿರಿ. ಗಿಡಕ್ಕೆ ನೀರು ಹಾಕುವ ಹೊತ್ತು ಗಂಟಲು ತೆರೆಯುವ ಹೊತ್ತೂ ಹೌದು. ಹಿಂದಿನ ದಿನ ಬರೆದ ಸಾಲನ್ನು ಅಲ್ಲೇ ಜೋರಾಗಿ ಹೇಳಿ. ಕಾಗದದ ಮೇಲೆ ಚೆನ್ನಾಗಿ ಕಂಡ ಸಾಲು ಬಾಯಲ್ಲಿ ತೊಡರಿದರೆ ಅದನ್ನು ಬದಲಿಸಬೇಕು ಅಂತ ಅರ್ಥ. ಗೈಡಿಗೆ ಇದರಿಂದ ಇನ್ನೊಂದು ಲಾಭ ಇದೆ. ಹತ್ತು ಗಂಟೆಗೆ ಮೊದಲ ಗುಂಪು ಬರುವಷ್ಟರಲ್ಲಿ ಧ್ವನಿ ಸರಿಯಾಗಿ ಕೂತಿರುತ್ತದೆ. ತಣ್ಣೀರು ಕುಡಿದು ನೇರ ಗುಹೆಗೆ ಹೋಗಿ ಕೂಗಾಡಿದರೆ ಮಧ್ಯಾಹ್ನದ ಹೊತ್ತಿಗೆ ಗಂಟಲು ಹೋಗುತ್ತದೆ. ಉಗುರುಬೆಚ್ಚನೆಯ ನೀರಿನ ಬಾಟಲಿ ಜತೆಗಿರಲಿ.

ನೀರು ಹಾಕುವಾಗ ಒಂದು ಗಿಡವನ್ನು ಆರಿಸಿಕೊಳ್ಳಿ, ವಾರವಿಡೀ ಅದನ್ನೇ ಗಮನಿಸಿ. ಎಲೆಯ ಕೆಳಗೆ ಏನಿದೆ, ಚಿಗುರು ಯಾವ ಕಡೆ ತಿರುಗಿದೆ, ಇರುವೆ ಸಾಲು ಎಲ್ಲಿಂದ ಬಂತು. ಇರುವೆ ಓಡಾಡುತ್ತಿದ್ದರೆ ಗಿಡಕ್ಕೆ ಹೇನು, ಅಂದರೆ ರಸ ಹೀರುವ ಸಣ್ಣ ಹುಳು, ಬಂದಿದೆ ಅಂತ ಹೆಚ್ಚಾಗಿ ತಿಳಿಯಬಹುದು. ಹೀಗೆ ನೋಡಿದ ಕಣ್ಣು ಮ್ಯೂಸಿಯಂ ಒಳಗೂ ಬೇರೆ ಥರ ನೋಡುತ್ತದೆ.

ಮ್ಯೂಸಿಯಂ ಒಳಗೆ

ಹೊಸ ಗೈಡುಗಳಿಗೆ ಒಂದು ಅವಸರ ಇರುತ್ತದೆ. ಮೂರ್ತಿ ಮುಂದೆ ನಿಂತ ಕೂಡಲೇ ಶತಮಾನ, ರಾಜ, ವಂಶ ಎಲ್ಲವನ್ನೂ ಒಂದೇ ಉಸಿರಲ್ಲಿ ಹೇಳಿಬಿಡುವುದು. ಅದು ಬೇಡ. ಜನರನ್ನು ಮೂರ್ತಿಯ ಎದುರು ನಿಲ್ಲಿಸಿ, ನೀವು ಪಕ್ಕಕ್ಕೆ ಸರಿಯಿರಿ, ಅರ್ಧ ನಿಮಿಷ ಸುಮ್ನಿರಿ. ಆಮೇಲೆ ಏನು ಕಂಡಿತು ಅಂತ ಕೇಳಿ. ಅವರು ಹೇಳಿದ್ದರಿಂದಲೇ ಮಾತು ಶುರುಮಾಡಿ. ಮೆಟ್ಟಿಲು ಹತ್ತುವಾಗ ಮಾತಾಡಬೇಡಿ, ಯಾರಿಗೂ ಕೇಳುವುದಿಲ್ಲ, ನಿಮ್ಮ ಉಸಿರೂ ವ್ಯರ್ಥ. ಗುಹೆಯೊಳಗೆ ದನಿ ತಗ್ಗಿಸಿ. ಕಲ್ಲೇ ಮಾತನ್ನು ಹಿಂದಕ್ಕೆ ಕಳಿಸುತ್ತದೆ.

ಮಕ್ಕಳಿಗೆ ಲೆಕ್ಕ ಕೊಡಿ. ಮೊದಲ ಗುಹೆಯ ನಟರಾಜನಿಗೆ 18 ಕೈ. ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು. ಒಂದು ಎಡಗೈಗೆ ಒಂದು ಬಲಗೈ ಜೋಡಿಸುತ್ತ ಹೋದರೆ ಎಷ್ಟು ಭಂಗಿ? 81 ಅಂತ ನೀವೇ ಹೇಳಿಬಿಟ್ಟರೆ ಅದು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ. ಅವರೇ ಗುಣಿಸಿ ಹೇಳಿದರೆ ಮನೆಗೆ ಹೋಗಿಯೂ ಹೇಳುತ್ತಾರೆ. ಹಾಗೆಯೇ ಶಕ ವರ್ಷವನ್ನು ಕ್ರಿಸ್ತ ಶಕಕ್ಕೆ ತರುವ ಲೆಕ್ಕ: 78 ಕೂಡಿಸಬೇಕು. ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಶಾಸನಕ್ಕೆ ಶಕ 500 ಅಂತ ಕಾಲ ಇದೆ, ಅಂದರೆ 578. ಬೆಟ್ಟದ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನ ಶಕ 465, ಅಂದರೆ 543. ಎರಡರ ನಡುವೆ ಎಷ್ಟು ವರ್ಷ ಅಂತ ಕೇಳಿ, ಆರನೆಯ ತರಗತಿಯ ಮಕ್ಕಳು ಥಟ್ಟನೆ ಹೇಳುತ್ತಾರೆ.

ಕಥೆ ಮತ್ತು ದಾಖಲೆಯನ್ನು ಬೆರೆಸಬೇಡಿ. ಅಗಸ್ತ್ಯ ಮುನಿ ವಾತಾಪಿ ಅನ್ನುವ ರಾಕ್ಷಸನನ್ನು ಜೀರ್ಣಿಸಿಕೊಂಡ ಕಥೆ ಎಲ್ಲರಿಗೂ ಇಷ್ಟ, ಹೇಳಿ, ರಾಗವಾಗಿ ಹೇಳಿ. ಆದರೆ ಇದು ಪುರಾಣ, ಇದು ಶಾಸನದಲ್ಲಿ ಇರುವುದು ಅಂತ ಗೆರೆ ಎಳೆದು ಹೇಳಿ. ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ ಎನ್ನಿ. ಕವಿತೆ ಬರೆಯುವ ಗೈಡಿಗೆ ಇಲ್ಲಿ ಅಪಾಯ ಜಾಸ್ತಿ. ಚೆಂದದ ಸಾಲೊಂದು ಬಾಯಿಗೆ ಬಂದಾಗ ಅದು ನಿಜವೋ ಅಲ್ಲವೋ ನೋಡದೆ ಆಡಿಬಿಡುವ ಆಸೆ ಆಗುತ್ತದೆ. ಆ ಸಾಲು ನೋಟ್‌ಬುಕ್ಕಿಗೆ ಹೋಗಲಿ, ಪ್ರವಾಸಿಗರ ಕಿವಿಗೆ ಬೇಡ. ನಿಮ್ಮ ಕವಿತೆಯನ್ನು ಟೂರಿನ ನಡುವೆ ಓದುವುದೂ ಬೇಡ. ಅವರು ಚಾಲುಕ್ಯರನ್ನು ನೋಡಲು ಬಂದವರು.

ಕಷ್ಟದ ಮೂರ್ತಿ ಅಂದರೆ ಲಜ್ಜಾಗೌರಿ. ನಾಗನಾಥಕೊಳ್ಳದಲ್ಲಿ ಸಿಕ್ಕ ಈ ಮೂರ್ತಿ ಈಗ ಬಾದಾಮಿ ಮ್ಯೂಸಿಯಮ್ಮಿನಲ್ಲಿದೆ. ತಲೆಯ ಜಾಗದಲ್ಲಿ ಅರಳಿದ ಕಮಲ, ದೇಹ ಹೆರಿಗೆಯ ಭಂಗಿಯಲ್ಲಿ. ಕುಟುಂಬದವರು ಬಂದಾಗ ಮುಜುಗರ ಪಟ್ಟು ಬೇಗ ಬೇಗ ದಾಟಿಸಿಕೊಂಡು ಹೋಗುವ ಗೈಡುಗಳಿದ್ದಾರೆ. ಇನ್ನು ಕೆಲವರು ಗುಂಪಿನ ಗಂಡಸರ ಕಡೆ ನೋಡಿ ನಗುತ್ತಾರೆ. ಎರಡೂ ಆ ಮೂರ್ತಿಗೆ ಮಾಡುವ ಅವಮಾನ. ಕಮಲದಿಂದ ಶುರುಮಾಡಿ. ಬೆಳೆ, ಮಕ್ಕಳು, ನೀರು, ಹೊಸ ಜೀವ ಇವನ್ನೆಲ್ಲ ಕೊಡುವ ತಾಯಿ ಅಂತ ಹೇಳಿ. ತೋಟ ಮಾಡುವವರಿಗೆ ಈ ಮಾತು ಬಾಯಿಪಾಠದಿಂದ ಬರಬೇಕಿಲ್ಲ. ಬೀಜ ಒಡೆದು ಮೊಳಕೆ ಬರುವುದನ್ನು ಪ್ರತಿ ಮಳೆಗಾಲ ನೋಡಿದವರ ದನಿಯಲ್ಲಿ ಅದಕ್ಕೆ ಬೇರೆಯೇ ತೂಕ. ಗುಂಪಿನ ಅಜ್ಜಿಯರು ತಾವಾಗಿಯೇ ಕೈ ಮುಗಿಯುತ್ತಾರೆ, ಮಕ್ಕಳು ತೆಪ್ಪಗಾಗುತ್ತಾರೆ.

ಸಿಡಿಲಫಡಿಯ ಮಾದರಿಯ ಮುಂದೆ ಮಾತ್ರ ಮಕ್ಕಳಿಗೆ ಸಾಕಷ್ಟು ಹೊತ್ತು ಕೊಡಿ. ಬಾದಾಮಿಯ ಬೆಟ್ಟಗಳಲ್ಲಿ ಆದಿಮಾನವರು ಇದ್ದ ಕಲ್ಲಾಸರೆಯನ್ನು ಅಲ್ಲಿ ಮಾಡಿ ಇಟ್ಟಿದ್ದಾರೆ. ಮಕ್ಕಳು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ. ರಾತ್ರಿ ಅವರಿಗೆ ಹೆದರಿಕೆ ಆಗುತ್ತಿರಲಿಲ್ಲವಾ ಅಂತ ಕೇಳುವ ಮಗು ಒಂದು ಇಡೀ ಕವಿತೆಯನ್ನು ನಿಮ್ಮ ಕೈಗೆ ಕೊಟ್ಟಂತೆ.

ಕವಿತೆ

ಕಿಸೆಯಲ್ಲಿ ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್. ಪೆನ್ನಿಗಿಂತ ಪೆನ್ಸಿಲ್ ಮೇಲು, ಬೆವರಿದ ಕೈಗೆ ಶಾಯಿ ಹರಡುತ್ತದೆ. ಒಂದು ಗುಂಪು ಹೋಗಿ ಇನ್ನೊಂದು ಬರುವ ನಡುವೆ ಐದು ಹತ್ತು ನಿಮಿಷ ಸಿಗುತ್ತದಲ್ವಾ, ಆಗ ಕವಿತೆ ಬರೆಯಲು ಹೋಗಬೇಡಿ. ಕಂಡದ್ದನ್ನು ಮಾತ್ರ ಬರೆಯಿರಿ. ವೀರಗಲ್ಲಿನ ಕುದುರೆಯ ಕಾಲು, ಕಾವಲುಗಾರ ಬಿಸಿಲು ಸರಿದಂತೆ ಕುರ್ಚಿ ಸರಿಸಿದ್ದು, ಕೆರೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು. ಗುಣವಾಚಕ ಹಾಕಬೇಡಿ. ಸಂಜೆ ಕೂತಾಗ ಇವುಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಳ್ಳಿ, ಉಳಿದವು ಅಲ್ಲೇ ಇರಲಿ.

ಛಂದಸ್ಸು ಕಲಿಯಬೇಕೆಂದರೆ ಬಾದಾಮಿಯಂಥ ಶಾಲೆ ಇನ್ನೊಂದಿಲ್ಲ. ತಟ್ಟುಕೋಟೆಯ ಹತ್ತಿರ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 700ರ ಕಾಲದ್ದು. ಹತ್ತು ಸಾಲು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅಲ್ಲಿವೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಅಂತ ಶುರುವಾಗುವ ಪದ್ಯವನ್ನು ಶಾಲೆಯಲ್ಲಿ ಓದಿರುತ್ತೀರಿ. ಅದನ್ನು ಬಂಡೆಯ ಎದುರೇ ನಿಂತು ಜೋರಾಗಿ ಓದಿ ನೋಡಿ. ಅದೇ ಅಳತೆಯಲ್ಲಿ ಸರ್ವಜ್ಞ ಬರೆದ, ಅದೇ ಅಳತೆಯಲ್ಲಿ ನಮ್ಮ ಹೆಂಗಸರು ಬೀಸುವಾಗ ಹಾಡಿದರು. ಸಾವಿರದ ಮುನ್ನೂರು ವರ್ಷ ಬಾಳಿದ ಅಳತೆ ಅದು. ಹೊಸಬರು ಅದರಲ್ಲೇ ಶುರುಮಾಡಬೇಕು ಅಂತ ನನ್ನ ಹಟ.

ಅಳತೆ ಹೀಗಿದೆ. ಮೂರು ಸಾಲು, ಒಟ್ಟು ಹನ್ನೊಂದು ಗಣ, ಅಂದರೆ ಅಕ್ಷರಗಳ ಗುಂಪು. ಮೊದಲ ಸಾಲಿನಲ್ಲಿ ನಾಲ್ಕು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಮೂರು. ಆರನೆಯ ಮತ್ತು ಹತ್ತನೆಯ ಗಣ ಗಿಡ್ಡ, ಅಂದರೆ ಬ್ರಹ್ಮಗಣ. ಉಳಿದವು ಉದ್ದನೆಯ ವಿಷ್ಣುಗಣ. ಮೂರೂ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇದ್ದರೆ ಪ್ರಾಸ ಕೂಡುತ್ತದೆ. ಬಾಯಲ್ಲಿ ಹೇಳಿದರೆ ಆ ಎರಡು ಗಿಡ್ಡ ಗಣಗಳ ಹತ್ತಿರ ದನಿ ತಾನಾಗಿ ಒಂದು ಕ್ಷಣ ತಡೆಯುತ್ತದೆ. ಅದೇ ತ್ರಿಪದಿಯ ಜೀವ. ಉದಾಹರಣೆಗೆ ನನ್ನದೇ ಒಂದು:

ಕಲ್ಲಲ್ಲಿ ಹೂಬಿಡಿಸಿ ಹೋದಂಥ ಕೈಯೊಡೆಯ
ಎಲ್ಲಿಟ್ಟೆ ನಿನ್ನ ಹೆಸರನ್ನ – ನಾನಿಲ್ಲಿ
ಮಲ್ಲಿಗೆಯ ಬಳ್ಳಿ ಹಬ್ಬಿಸಿದೆ

ಇಲ್ಲಿ ‘ನಿನ್ನ’ ಆರನೆಯ ಗಣ, ‘ಬಳ್ಳಿ’ ಹತ್ತನೆಯದು. ಕಲ್ಲ, ಎಲ್ಲಿ, ಮಲ್ಲಿ ಅಂತ ಪ್ರಾಸ. ಕಂಬಗಳ ಮೇಲೆ, ಚಾವಣಿಯಲ್ಲಿ ಅಷ್ಟೊಂದು ಹೂ ಕೆತ್ತಿದವರಲ್ಲಿ ಹೆಚ್ಚಿನವರ ಹೆಸರು ನಮಗೆ ಸಿಗುವುದಿಲ್ಲ. ಟೂರಿನಲ್ಲಿ ಅದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಬೇಕಾಗುತ್ತದೆ. ಮನಸ್ಸಿನಲ್ಲಿ ಉಳಿದದ್ದು ಮನೆಯಲ್ಲಿ ಬಳ್ಳಿ ಕಟ್ಟುವಾಗ ಹೊರಗೆ ಬಂತು. ನೀವೂ ಹೀಗೆ ಮಾಡಿ: ಮ್ಯೂಸಿಯಮ್ಮಿನ ಒಂದು ವಸ್ತು, ನಿಮ್ಮ ಅಂಗಳದ ಒಂದು ವಸ್ತು, ಎರಡನ್ನೂ ಮೂರು ಸಾಲಿನಲ್ಲಿ ತನ್ನಿ. ಕೂಡದಿದ್ದರೆ ಬಿಡಿ, ಮರುದಿನ ಬೇರೆ ವಸ್ತು.

ಹೂವಿನ ಮಾತು ಬಂತು. ಮೂರನೆಯ ಗುಹೆಯ ಹತ್ತಿರ ಮಂಗಳೇಶನದೇ ಒಂದು ಕನ್ನಡ ಶಾಸನವೂ ಇದೆ. ಈ ‘ಕಲ್ಮನೆ’ಗೆ, ಅಂದರೆ ಕಲ್ಲಿನ ಗುಡಿಗೆ, ಒಂದು ಹಳ್ಳಿಯನ್ನು ದತ್ತಿ ಕೊಟ್ಟದ್ದು, ಅದರಲ್ಲಿ ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೆ ಪಾಲು ಇಟ್ಟದ್ದು ಅದರಲ್ಲಿದೆ. ಇದನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗಲಿ ಅಂತ ಶಾಪವೂ ಇದೆ. ರಾಜನ ಹೆಸರಿನ ಪಕ್ಕದಲ್ಲೇ ಹೂವಿನವರಿಗೆ ಜಾಗ ಸಿಕ್ಕಿರುವುದನ್ನು ಪ್ರತಿ ಗುಂಪಿಗೂ ತೋರಿಸಿ. ಊರಿನ ಸಂತೆಯಲ್ಲಿ ಹೂ ಮಾರುವ ಹೆಂಗಸರು ಟೂರಿಗೆ ಬಂದರಂತೂ ಬಿಡಲೇಬೇಡಿ, ಅವರ ಮುಖ ನೋಡಬೇಕು ಆಗ.

ಬರೆದದ್ದನ್ನು ಪತ್ರಿಕೆಗೆ ಕಳಿಸುವುದಾದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳಿ, ಉತ್ತರಕ್ಕೆ ಕಾಯುತ್ತ ಕೂರಬೇಡಿ. ಅಷ್ಟೇ.

ಕೈತೋಟ

ಬಾದಾಮಿ ಸುತ್ತ ಹೊಲದ ಮಣ್ಣು ಹಲವು ಕಡೆ ಎರೆ. ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಕುಂಡಕ್ಕೆ ಬರಿ ಎರೆಮಣ್ಣು ತುಂಬಿದರೆ ನೀರು ಇಳಿಯುವುದಿಲ್ಲ, ಬೇರು ಕೊಳೆಯುತ್ತದೆ. ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮಣ್ಣು ಒಂದು ಪಾಲು ಬೆರೆಸಿ. ಬೆಟ್ಟದ ಪಕ್ಕದ ಮನೆಯಾದರೆ ಕೆಂಪು ಮರಳುಮಣ್ಣು ಸಿಗುತ್ತದೆ. ಅದಕ್ಕೆ ಗೊಬ್ಬರ ಜಾಸ್ತಿ ಬೇಕು, ನೀರು ನಿಲ್ಲುವುದಿಲ್ಲ.

ದಿನವಿಡೀ ಮನೆಯಲ್ಲಿ ಇರದವರಿಗೆ ಗಡಿಗೆ ನೀರಾವರಿಯೇ ಸರಿ. ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ನೆಲದಲ್ಲಿ ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳ ಇಡಿ. ಮಣ್ಣು ಒಣಗಿದಷ್ಟೂ ಗಡಿಗೆ ನಿಧಾನವಾಗಿ ಜಿನುಗುತ್ತದೆ, ಬೇರು ತಾನೇ ಅದರ ಕಡೆ ಹೋಗುತ್ತದೆ. ಸುತ್ತ ಹೀರೆ, ಬದನೆ ಹಚ್ಚಿ. ಮೇಲೆ ಶೇಂಗಾ ಹೊಟ್ಟು ಅಥವಾ ಒಣಗಿದ ಜೋಳದ ದಂಟು ಕತ್ತರಿಸಿ ಹರಡಿ. ನೀವು ಗುಂಪಿನ ಜತೆ ಬೆಟ್ಟದ ಮೇಲೆ ಇರುವಾಗ ನೆಲದ ತೇವ ಉಳಿಯುವುದು ಆ ಹೊದಿಕೆಯಿಂದ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಯಾವುದನ್ನೂ ಚೆಲ್ಲಬೇಡಿ.

ಮಂಗಗಳ ವಿಷಯ. ಇಲ್ಲಿ ಟೊಮೆಟೊ, ಪೇರಲ, ಸೌತೆ ಹಾಕಿದರೆ ಅವಕ್ಕೇ ಬೆಳೆಸಿದಂತೆ. ಹಾಗಲ, ಮೆಣಸಿನಕಾಯಿ, ಶುಂಠಿ, ಅರಿಸಿನ, ಕರಿಬೇವು, ತುಳಸಿ ಇವನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಇವನ್ನು ಅಂಗಳದ ಅಂಚಿಗೆ, ಕಾಂಪೌಂಡ್ ಕಡೆಗೆ ಹಾಕಿ. ಸೊಪ್ಪನ್ನು ಬಲೆಯ ಕೆಳಗೆ ಬೆಳೆಯಿರಿ. ಕಲ್ಲು ಹೊಡೆಯುವುದು, ಪಟಾಕಿ ಹಚ್ಚುವುದು ಬೇಡ. ಪ್ರವಾಸಿಗರು ಬಿಸ್ಕತ್ತು ಕೊಟ್ಟು ಅವುಗಳ ರೂಢಿ ಕೆಡಿಸಿದ್ದಾರೆ. ಟೂರಿನ ಶುರುವಿನಲ್ಲೇ ತಿಂಡಿ ಚೀಲ ಒಳಗಿಡಿ, ಮಂಗಕ್ಕೆ ಏನೂ ಕೊಡಬೇಡಿ ಅಂತ ಗಟ್ಟಿಯಾಗಿ ಹೇಳಿ. ಅದು ಪ್ರವಾಸಿಗರ ಕೈಗೂ ಒಳ್ಳೆಯದು, ಊರಿನ ತೋಟಗಳಿಗೂ ಒಳ್ಳೆಯದು.

ಹೊಸಬರು ಮೆಂತ್ಯದಿಂದ ಶುರುಮಾಡಿ, ತಿಂಗಳೊಳಗೆ ಕೊಯ್ಯಬಹುದು. ರಾಜಗಿರಿಯೂ ಹಾಗೆಯೇ. ಆಮೇಲೆ ಪುಂಡಿ. ಪುಂಡಿ ಬಿಸಿಲಿಗೆ ಹೆದರುವ ಗಿಡ ಅಲ್ಲ. ತುದಿ ಚಿವುಟಿದಷ್ಟೂ ಕವಲು ಒಡೆಯುತ್ತದೆ. ರೊಟ್ಟಿಗೆ ಪುಂಡಿಪಲ್ಯ ಇದ್ದರೆ ದಣಿದು ಬಂದ ದಿನ ಅಡುಗೆಯ ಚಿಂತೆಯೂ ಕಡಿಮೆ. ಹೇನು ಬಂದರೆ ಬೇವಿನ ಬೀಜದ ಕಷಾಯ ಸಾಕು. ಒಣಗಿದ ಬೀಜದ ತಿರುಳನ್ನು ಪುಡಿಮಾಡಿ, ಲೀಟರ್ ನೀರಿಗೆ 50 ಗ್ರಾಂ ಲೆಕ್ಕದಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕರಗಿಸಿ, ಸಂಜೆ ಹೊತ್ತು ಎಲೆಯ ಕೆಳಗೆ ಸಿಂಪಡಿಸಿ. ಉರಿಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಮಲ್ಲಿಗೆಯನ್ನು ಚಳಿಗಾಲದಲ್ಲಿ ಧೈರ್ಯವಾಗಿ ಕತ್ತರಿಸಬೇಕು. ಗಿಡ ಬೋಳಾಗಿ ಕಂಡು ಹೊಟ್ಟೆ ಉರಿಯುತ್ತದೆ, ಆದರೂ ಕತ್ತರಿಸಿ. ಬೇಸಿಗೆಯ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಬರೆದ ಕವಿತೆಯ ಅರ್ಧ ಸಾಲು ತೆಗೆಯಲು ಕೈ ಬರದವರು ಮೊದಲು ಇದನ್ನು ಕಲಿಯಲಿ.

ಶುಕ್ರವಾರ ಮತ್ತು ವರ್ಷದ ಲೆಕ್ಕ

ಮ್ಯೂಸಿಯಮ್ಮಿಗೆ ಶುಕ್ರವಾರ ರಜೆ. ಗುಹೆಗಳು ತೆರೆದಿರುತ್ತವೆ, ಹಾಗಾಗಿ ಆ ದಿನವೂ ಟೂರು ಹಿಡಿಯಬಹುದು ಅಂತ ಆಸೆಯಾಗುತ್ತದೆ. ಸೀಸನ್ ಬಿಟ್ಟು ಉಳಿದ ಶುಕ್ರವಾರಗಳನ್ನಾದರೂ ಉಳಿಸಿಕೊಳ್ಳಿ. ಬೆಳಗ್ಗೆ ಮಣ್ಣಿನ ಕೆಲಸ: ಕಳೆ, ಗೊಬ್ಬರ, ಕುಂಡ ಬದಲಿಸುವುದು. ಮಧ್ಯಾಹ್ನ ವಾರದ ನೋಟ್‌ಬುಕ್ ತೆರೆದು ಒಂದೇ ಒಂದು ಪದ್ಯವನ್ನು ಪೂರ್ತಿ ಮಾಡುವುದು. ಸಂಜೆ ಪ್ರವಾಸಿಗನ ಹಾಗೆ ಒಬ್ಬರೇ ಭೂತನಾಥ ಗುಡಿಯ ಕಡೆ ನಡೆಯುವುದು. ಆ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಯಾರಿಗೂ ಏನೂ ಹೇಳಬೇಕಿಲ್ಲದ ಒಂದು ಗಂಟೆ ಗೈಡಿಗೆ ತೀರಾ ಬೇಕು. ಇದನ್ನು ಬಿಟ್ಟವರು ಎರಡೇ ವರ್ಷಕ್ಕೆ ಟೇಪ್‌ರೆಕಾರ್ಡರ್ ಆಗುವುದನ್ನು ನೋಡಿದ್ದೇನೆ, ಬೇಸರವಾಗುತ್ತದೆ.

ನವೆಂಬರಿನಿಂದ ಜನವರಿವರೆಗೆ ಶಾಲಾ ಮಕ್ಕಳ ಬಸ್ಸುಗಳ ಸಾಲು. ಆಗ ಹೊಸ ಕವಿತೆ, ಹೊಸ ಗಿಡ ಎರಡನ್ನೂ ಶುರುಮಾಡಬೇಡಿ. ನೋಟ್‌ಬುಕ್ ತುಂಬಿಸಿಕೊಳ್ಳಿ, ಇರುವ ಗಿಡ ಉಳಿಸಿಕೊಳ್ಳಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಬರುತ್ತದೆ. ಜಾತ್ರೆಯ ಶುರುವಿನಲ್ಲಿ ಪಲ್ಯದ ಹಬ್ಬ, ದೇವಿಗೆ 108 ಬಗೆಯ ತರಕಾರಿ ಅಡುಗೆಯ ನೈವೇದ್ಯ. ಆ ದಿನಗಳಲ್ಲಿ ಹಳ್ಳಿಗಳಿಂದ ಬರುವವರ ಹತ್ತಿರ ಮಾತಾಡಿ. ನಾಟಿ ಹೀರೆ, ನಾಟಿ ಬದನೆಯ ಬೀಜ ಅಂಗಡಿಯ ಪ್ಯಾಕೆಟ್ಟಿನಲ್ಲಿ ಸಿಗದವು ಇವರ ಸೆರಗಿನ ಗಂಟಿನಲ್ಲಿ ಸಿಗುತ್ತವೆ. ಬದಲಿಗೆ ನಿಮ್ಮ ಬೀಜ ಕೊಡಿ. ಬೀಜದ ಪೊಟ್ಟಣದ ಮೇಲೆ ಊರು, ತಿಂಗಳು ಬರೆದಿಡಿ. ಮ್ಯೂಸಿಯಮ್ಮಿನ ಪ್ರತಿ ವಸ್ತುವಿಗೂ ಎಲ್ಲಿ ಸಿಕ್ಕಿತು ಅಂತ ಬರೆದಿರುತ್ತದಲ್ವಾ, ಬೀಜಕ್ಕೂ ಅದೇ ಮರ್ಯಾದೆ ಸಲ್ಲಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ಜನ ಕಡಿಮೆ. ಆದಾಯವೂ ಕಡಿಮೆ, ಅದಕ್ಕೆ ಸೀಸನ್ನಿನಲ್ಲೇ ಸ್ವಲ್ಪ ತೆಗೆದಿಡಿ. ಟೂರುಗಳನ್ನು ಬೆಳಗ್ಗೆ ಬೇಗ, ಸಂಜೆ ತಡವಾಗಿ ಇಟ್ಟುಕೊಳ್ಳಿ. ನಡು ಮಧ್ಯಾಹ್ನ ಒಳಗೆ ಕೂತು ವರ್ಷದ ಪದ್ಯಗಳನ್ನು ಶುದ್ಧಪ್ರತಿ ಮಾಡಿ. ಸೊಪ್ಪಿನ ಮಡಿಗೆ ನೆರಳು ಬಲೆ ಕಟ್ಟಿ. ಮೇ ಕೊನೆಗೆ ಮಡಿಗಳನ್ನು ಅಗೆದು, ಗೊಬ್ಬರ ಬೆರೆಸಿ, ಬಿಸಿಲಿಗೆ ಬಿಡಿ. ಮೃಗಶಿರಾ ಮಳೆಯ ಮೊದಲ ಹನಿಗೆ ಅವಸರ ಪಡಬೇಡಿ. ನೆಲ ಒಂದು ಗೇಣು ನೆನೆದ ಮೇಲೆ ಪುಂಡಿ, ಹೀರೆ, ಹಾಗಲ ಬಿತ್ತಿ.